ನಂಜುಂಡಯ್ಯನವರ ಹನ್ನೊಂದು ಪುಟ

ಗಣಿತದಲ್ಲಿ ಸಂಶೋಧನೆ ಮಾಡಿಸುವವರ ಹೆಚ್ಚಿನ ಹೊತ್ತು ಬೇರೆಯವರ ಬರಹದಲ್ಲಿ ತಪ್ಪು ಹುಡುಕುವುದರಲ್ಲೇ ಕಳೆಯುತ್ತದೆ. ಕೆಲಸಕ್ಕೆ ಸೇರುವಾಗ ಇದನ್ನು ಯಾರೂ ಹೇಳುವುದಿಲ್ಲ. ಹೊಸದನ್ನು ಕಂಡುಹಿಡಿಯುವ ದಿನಗಳು ಮೂವತ್ತನಾಲ್ಕು ವರ್ಷದಲ್ಲಿ ನನಗೆ ಬಂದದ್ದು ಬೆರಳೆಣಿಕೆಯಷ್ಟು. ಉಳಿದ ದಿನಗಳಲ್ಲಿ ಕೆಂಪು ಪೆನ್ನು ಹಿಡಿದು ಕೂತಿದ್ದೆ. ಈಗ ನಿವೃತ್ತಳಾಗಿ ಚಂದ್ರಾ ಲೇಔಟಿನ ಮನೆಯಲ್ಲಿದ್ದೇನೆ. ಕಾಲೇಜಿಗೆ ಹೊಸದಾಗಿ ಸೇರಿದ ಇಬ್ಬರು ಮೂವರು ಆಗಾಗ ಬಂದು, 'ನಿಮ್ಮ ಅನುಭವ ಬರೀರಿ ಮೇಡಂ' ಎನ್ನುತ್ತಾರೆ. ಅವರಿಗೆ ನನ್ನ ಪ್ರಬಂಧಗಳ ಪಟ್ಟಿ ಗೊತ್ತಿದೆ. ಪಟ್ಟಿಯಲ್ಲಿ ಇಲ್ಲದ ಒಂದು ಕೆಲಸದ ವಿಷಯ ಗೊತ್ತಿಲ್ಲ. ಅದನ್ನೇ ಬರೆಯುತ್ತೇನೆ.

ನಾನಿದ್ದದ್ದು ರಾಜಾಜಿನಗರದ ಒಂದು ಖಾಸಗಿ ಕಾಲೇಜಿನ ಸಂಶೋಧನಾ ಕೇಂದ್ರದಲ್ಲಿ. ಕೇಂದ್ರ ಎಂದರೆ ಎರಡನೇ ಮಹಡಿಯ ಎರಡು ಕೋಣೆ, ನಾಲ್ಕು ಕಬ್ಬಿಣದ ಬೀರು, ಒಂದು ಕರಿಹಲಗೆ. ಕೊನೆಯ ಹದಿನೈದು ವರ್ಷ ನಾನು ಹಿಡಿದುಕೊಂಡ ವಿಷಯಕ್ಕೆ ಚಕ್ರೀಯ ಸಬ್‌ಸ್ಪೇಸ್ ಸಂಕೇತಗಳು ಎಂದು ಹೆಸರು. ಹೆಸರು ಕೇಳಿ ಓಡಿಹೋಗಬೇಡಿ, ವಿಷಯ ಅಷ್ಟು ದೊಡ್ಡದಲ್ಲ. ಒಂದು ಸಂದೇಶವನ್ನು ತುಂಡು ಮಾಡಿ ಜಾಲದಲ್ಲಿ ಕಳಿಸಿದರೆ ದಾರಿಯಲ್ಲಿ ತುಂಡುಗಳು ಒಂದರೊಡನೊಂದು ಕೂಡಿ ಕಲೆತುಹೋಗುತ್ತವೆ. ಆಚೆ ತುದಿಯಲ್ಲಿರುವವನಿಗೆ ಮೂಲ ತುಂಡುಗಳು ಸಿಗುವುದಿಲ್ಲ. ಅವನ್ನು ಕೂಡಿಸಿ ಏನೇನು ಪಡೆಯಬಹುದೋ ಅದೆಲ್ಲದರ ಗುಂಪು ಮಾತ್ರ ಸಿಗುತ್ತದೆ. ಆ ಗುಂಪೇ ಸಬ್‌ಸ್ಪೇಸ್. ಹಾಗಿದ್ದರೆ ಗುಂಪನ್ನೇ ಸಂದೇಶವೆಂದು ಇಟ್ಟುಕೊಳ್ಳೋಣ ಎಂಬುದು ಉಪಾಯ. ಎರಡು ಗುಂಪುಗಳಲ್ಲಿ ಸಮಾನವಾದದ್ದು ಕಡಿಮೆ ಇದ್ದಷ್ಟೂ ಒಂದನ್ನು ಇನ್ನೊಂದೆಂದು ತಿಳಿಯುವ ಅಪಾಯ ಕಡಿಮೆ.

ಇಂಥ ಗುಂಪುಗಳನ್ನು ಒಂದೊಂದಾಗಿ ಹುಡುಕುತ್ತಾ ಕೂರಲು ಆಗುವುದಿಲ್ಲ. ಒಂದು ಒಳ್ಳೆಯ ಗುಂಪನ್ನು ಹಿಡಿದು ಸಾಂತ ಕ್ಷೇತ್ರದ ಸಂಖ್ಯೆಗಳಿಂದ ಗುಣಿಸುತ್ತಾ ಹೋದರೆ ನೂರಾರು ಗುಂಪುಗಳು ಬಂದು, ಕೊನೆಗೆ ಮೊದಲಿನದಕ್ಕೇ ಮರಳುತ್ತೇವೆ. ಚಕ್ರೀಯ ಎನ್ನುವುದು ಅದಕ್ಕೆ. ಸಾಂತ ಕ್ಷೇತ್ರವೆಂದರೆ ಎಣಿಸಿ ಮುಗಿಯುವಷ್ಟೇ ಸಂಖ್ಯೆಗಳಿದ್ದರೂ ಕೂಡಿ, ಕಳೆದು, ಗುಣಿಸಿ, ಭಾಗಿಸಲು ಬರುವ ಒಂದು ಲೋಕ. ನಾನು ಹೇಳುವ ಸಂಗತಿ ನಡೆದ ಲೋಕದಲ್ಲಿ ಏಳುನೂರ ಇಪ್ಪತ್ತೊಂಬತ್ತು ಸಂಖ್ಯೆಗಳಿದ್ದವು, ಸೊನ್ನೆಯನ್ನೂ ಸೇರಿಸಿ.

ಈ ಲೋಕಕ್ಕೆ ನನ್ನನ್ನು ಕರೆತಂದವರು ಶೇಷಗಿರಿ ಮೇಷ್ಟ್ರು, ನನ್ನ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದವರು. ಅವರಿಗೆ ಯಂತ್ರಗಳೆಂದರೆ ಆಗುತ್ತಿರಲಿಲ್ಲ. ಸಾಂತ ಕ್ಷೇತ್ರದಲ್ಲಿ ಗುಣಾಕಾರ ಸುಲಭ, ಸಂಕಲನ ಕಷ್ಟ. ಹಾಗಾಗಿ ಯಾವುದಕ್ಕೆ ಒಂದನ್ನು ಕೂಡಿದರೆ ಏನು ಬರುತ್ತದೆ ಎಂದು ತೋರಿಸುವ ಕೋಷ್ಟಕ ಬೇಕು. ಮೇಷ್ಟ್ರ ಹತ್ತಿರ ಅಂಥದ್ದೊಂದು ಕೈಬರಹದ ಕೋಷ್ಟಕವಿತ್ತು. ನಾನು ಸೇರಿದ ಮೊದಲ ವಾರವೇ ಒಂದು ದಪ್ಪ ಲಾಂಗ್ ನೋಟ್‌ಬುಕ್ ಕೊಟ್ಟು, 'ಪೂರ್ತಿ ಕಾಪಿ ಮಾಡ್ಕೊಳಮ್ಮ. ಕಣ್ಣಿಗೆ ಗೊತ್ತಿದ್ರೆ ಸಾಲದು, ಕೈಗೆ ಗೊತ್ತಾಗ್ಬೇಕು' ಎಂದರು. ಏಳುನೂರ ಇಪ್ಪತ್ತೆಂಟು ಸಾಲು. ಬರೆದು ಮುಗಿಸಿ ಒಪ್ಪಿಸಿದ ದಿನ ಅವರು ಪುಟ ತಿರುವಿ, 'ಅಕ್ಷರ ಚೆನ್ನಾಗಿದೆ' ಎಂದರು. ಅವರು ಯಾರನ್ನೂ ಹೊಗಳುತ್ತಿರಲಿಲ್ಲ. ಆ ಮಾತನ್ನು ನಾನು ಪದವಿಗಿಂತ ಹೆಚ್ಚಾಗಿ ಇಟ್ಟುಕೊಂಡೆ. ಮೇಷ್ಟ್ರು ಹೋದ ಮೇಲೂ, ಸುತ್ತಲಿನವರೆಲ್ಲ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸತೊಡಗಿದ ಮೇಲೂ, ನಾನು ಆ ಪುಸ್ತಕವನ್ನೇ ತೆರೆಯುತ್ತಿದ್ದೆ. ಹುಡುಗರು ನಗುತ್ತಿದ್ದರು, ಜೊತೆಗೆ ಸ್ವಲ್ಪ ಗೌರವವೂ ಇತ್ತು. ಆ ಗೌರವ ನನಗೆ ಇಷ್ಟವಾಗುತ್ತಿತ್ತು.

ಈ ಕೆಲಸದಿಂದ ಲೋಕಕ್ಕೇನು ಉಪಯೋಗ ಎಂದು ನಿಮ್ಮನ್ನೂ ಕೇಳುತ್ತಾರೆ. ನನ್ನನ್ನು ಒಮ್ಮೆ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯ ಎಂಜಿನಿಯರ್ ಬಂದು ಕೇಳಿದರು. ನನ್ನ ಒಂದು ರಚನೆಯನ್ನು ಓದಿಕೊಂಡೇ ಬಂದಿದ್ದರು. ಅರ್ಧ ಗಂಟೆ ವಿವರಿಸಿದೆ.

'ಚೆನ್ನಾಗಿದೆ ಮೇಡಂ. ಆದ್ರೆ ನಮ್ಮ ಮೆಷಿನ್ನಿಗೆ ಸೊನ್ನೆ ಮತ್ತು ಒಂದು, ಈ ಎರಡು ಅಂಕಿ ಮಾತ್ರ ಗೊತ್ತು. ಎರಡೇ ಅಂಕಿ ಇದ್ರೂ ಆಗುತ್ತಲ್ವಾ?'

'ಎರಡಕ್ಕೆ ಆಗಲ್ಲ. ಮೂರರಿಂದ ಮೇಲೆ ಎಲ್ಲದಕ್ಕೂ ಆಗುತ್ತೆ.'

ಅವರು ಕಾಫಿ ಮುಗಿಸಿ, ನಮಸ್ಕಾರ ಮಾಡಿ ಹೊರಟುಹೋದರು. ಅಂದು ನನಗೆ ಬೇಸರವಾಗಿತ್ತು. ಆಮೇಲೆ ಆದದ್ದನ್ನು ನೆನೆದರೆ ಅದು ಬೇಸರವೇ ಅಲ್ಲ.

ನಂಜುಂಡಯ್ಯನವರು ನನ್ನಲ್ಲಿಗೆ ಬಂದಾಗ ಅವರಿಗೆ ನಲವತ್ತಾರು, ನನಗಿಂತ ಐದಾರು ವರ್ಷ ಚಿಕ್ಕವರು. ವಿಜಯನಗರದ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದರು. ಊರು ಕೆಂಗೇರಿಯ ಪಕ್ಕದ ಹಳ್ಳಿ. ಈಗ ಅದು ಹಳ್ಳಿಯಲ್ಲ. ಜಮೀನು ಲೇಔಟ್ ಆಗಿತ್ತು, ಮನೆಯ ಹಿಂದೆ ಎರಡು ಹಸು ಉಳಿದಿದ್ದವು. ಬೆಳಿಗ್ಗೆ ಹಾಲು ಕರೆದು, ಹೆಂಡತಿ ಸಾವಿತ್ರಮ್ಮ ಕಟ್ಟಿಕೊಟ್ಟ ಬುತ್ತಿ ಹಿಡಿದು, ಬಸ್ಸಿನಲ್ಲಿ ಬರುವವರು. ಅರೆಕಾಲಿಕ ಸಂಶೋಧನೆಗೆ ಹೆಸರು ಬರೆಸಲು ಬಂದ ದಿನ ನಾನು ನೇರವಾಗಿಯೇ ಕೇಳಿದೆ.

'ಈ ವಯಸ್ಸಲ್ಲಿ ಯಾಕೆ ಬೇಕು ನಿಮಗೆ? ಪ್ರಮೋಷನ್‌ಗಾ?'

'ಪ್ರಮೋಷನ್ ಎಲ್ಲಿ ಬಂತು ಮೇಡಂ! ಇಪ್ಪತ್ತು ವರ್ಷದಿಂದ ಬೇರೆಯವರ ಥಿಯರಮ್‌ಗಳನ್ನೇ ಬೋರ್ಡ್ ಮೇಲೆ ಬರೀತಾ ಇದೀನಿ. ನಂದೂ ಅಂತ ಒಂದಿದ್ರೆ ಸಾಕು. ಡಿಗ್ರಿ ಬರದಿದ್ರೂ ಪರವಾಗಿಲ್ಲ.'

ಪ್ರತಿ ಶನಿವಾರ ಮಧ್ಯಾಹ್ನ ಬರುತ್ತಿದ್ದರು. ಕನ್ನಡ ಮಾಧ್ಯಮದಲ್ಲಿ ಓದಿದವರು. ಕರಡು ಹಾಳೆಗಳಲ್ಲಿ ಕ್ಷೇತ್ರದ ಸಂಖ್ಯೆಗಳಿಗೆ ಗ್ರೀಕ್ ಅಕ್ಷರಗಳ ಬದಲು ಕ, ಖ, ಗ ಎಂದೇ ಬರೆಯುತ್ತಿದ್ದರು. ಅವರು ನಿಧಾನ. ನಾನು ಎರಡು ಸಾಲಿನಲ್ಲಿ ದಾಟುವುದನ್ನು ಅವರು ಒಂದು ಪುಟದಲ್ಲಿ ದಾಟುವರು. ಆದರೆ ದಾಟಿದ ಮೇಲೆ ಆ ಪುಟದಲ್ಲಿ ಒಂದು ಬಿರುಕೂ ಇರುತ್ತಿರಲಿಲ್ಲ.

ನಾನು ಅವರಿಗೆ ಕೊಟ್ಟದ್ದು ನಾನೇ ಮೂರು ವರ್ಷ ಗುದ್ದಾಡಿ ಬಿಟ್ಟಿದ್ದ ಪ್ರಶ್ನೆ. ಸುತ್ತಿ ಬರುವ ಗುಂಪುಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಸೊನ್ನೆಯ ಹೊರತು ಒಂದೇ ಒಂದು ಸಂಖ್ಯೆ, ಹೆಚ್ಚೆಂದರೆ ಅದರ ಅಪವರ್ತ್ಯಗಳು, ಸಮಾನವಾಗಿರಬೇಕು. ಅಂಥ ಮೊದಲ ಗುಂಪನ್ನು ಸಣ್ಣ ಕ್ಷೇತ್ರಗಳಲ್ಲಿ ಕಂಪ್ಯೂಟರ್ ಹುಡುಕಿಕೊಡುತ್ತದೆ. ಎಲ್ಲ ಕ್ಷೇತ್ರಗಳಿಗೂ ಒಂದೇ ಸೂತ್ರದಿಂದ ಕಟ್ಟಿ ತೋರಿಸಬೇಕು ಎಂಬುದೇ ಕಷ್ಟ. ಅವರಿಗೆ ಅದನ್ನು ಕೊಟ್ಟಾಗ, ನಿಜ ಹೇಳುತ್ತೇನೆ, ಬಿಡಿಸುತ್ತಾರೆಂದು ನಾನು ಕೊಡಲಿಲ್ಲ. ಹಾದಿಯಲ್ಲಿ ಸಣ್ಣಪುಟ್ಟದೇನಾದರೂ ಸಿಕ್ಕರೆ ಒಂದು ಪ್ರಬಂಧಕ್ಕಾಗುತ್ತದೆ ಎಂದುಕೊಂಡಿದ್ದೆ.

ಎರಡು ವರ್ಷ ಕಳೆದ ಮೇಲೆ ಒಂದು ಶನಿವಾರ ಹನ್ನೊಂದು ಪುಟ ತಂದು ಮೇಜಿನ ಮೇಲಿಟ್ಟರು. ಪರೀಕ್ಷೆಯ ಉಳಿದ ಹಾಳೆಗಳಿಗೆ ದಾರ ಕಟ್ಟಿದ್ದರು.

'ಏನೋ ಆಗಿದೆ ಅನ್ಸುತ್ತೆ ಮೇಡಂ. ನೀವೊಂದ್ಸಲ ನೋಡಿ.'

ಕೂತು ಓದಿದೆ. ಒಂದು ವರ್ಗ ಸಮೀಕರಣದ ಮೂಲವನ್ನು 'ಗ' ಎಂದು ಇಟ್ಟುಕೊಂಡು, ಅದರಿಂದ ಗುಂಪು ಕಟ್ಟಿದ್ದರು. ಆ ಗುಂಪಿನ ಯಾವ ಎರಡು ಸಂಖ್ಯೆಗಳನ್ನು ಗುಣಿಸಿದರೂ, ಗುಣಲಬ್ಧವನ್ನು ನೋಡಿಯೇ ಅವೆರಡು ಯಾವುವೆಂದು ಹೇಳಿಬಿಡಬಹುದು. ಅದು ಸಿಕ್ಕಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಅಷ್ಟು ಸರಳ. ನನ್ನ ಮೂರು ವರ್ಷದ ಕಾಗದಗಳಲ್ಲಿ ಇಷ್ಟು ಸರಳವಾದದ್ದು ಒಂದೂ ಇರಲಿಲ್ಲ. ಓದಿ ಮುಗಿಸಿದಾಗ ನನಗೆ ಆದದ್ದು ಸಂತೋಷವಲ್ಲ. ಇಷ್ಟು ಸುಲಭವಾಗಿರಲು ಸಾಧ್ಯವಿಲ್ಲ ಎನ್ನಿಸಿತು. ಎಲ್ಲೋ ಜಾರಿದ್ದಾರೆ, ಹುಡುಕಬೇಕು ಎನ್ನಿಸಿತು.

'ಒಂದು ವಾರ ಇರಲಿ' ಎಂದೆ.

ಆ ವಾರ ಕೋಷ್ಟಕದ ಪುಸ್ತಕ ತೆಗೆದು ಅವರ ಸೂತ್ರವನ್ನು ಏಳುನೂರ ಇಪ್ಪತ್ತೊಂಬತ್ತು ಸಂಖ್ಯೆಗಳ ಕ್ಷೇತ್ರಕ್ಕೆ ಹಾಕಿದೆ. ಗುಂಪಿಗೆ ಇಪ್ಪತ್ತೇಳು ಸಂಖ್ಯೆ, ಸುತ್ತಿ ಬರುವುದು ಮುನ್ನೂರ ಅರವತ್ತನಾಲ್ಕು ಗುಂಪು. ಒಂದೊಂದನ್ನೇ ಮೊದಲಿನದಕ್ಕೆ ಹೋಲಿಸುತ್ತಾ ಹೋದೆ. ಗುರುವಾರ ಮಧ್ಯಾಹ್ನ ಒಂದು ಕಡೆ ಎರಡನೆಯ ಸಂಖ್ಯೆಯೂ ಸಮಾನವಾಗಿ ಬಂತು. ಎರಡು ಬಂದರೆ ನಿಯಮದ ಪ್ರಕಾರ ಒಂಬತ್ತು ಸಮಾನವಾಗಲೇಬೇಕು, ಪ್ರಮೇಯ ಬಿದ್ದಂತೆ. ಉಳಿದವು ನಿಜಕ್ಕೂ ಬರುತ್ತವೆಯೇ ಎಂದು ನಾನು ನೋಡಲಿಲ್ಲ. ನೋಡಿದ್ದರೆ ಬರುತ್ತಿರಲಿಲ್ಲ, ನನ್ನ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಪುಸ್ತಕ ಮುಚ್ಚಿದೆ. ಮನಸ್ಸಿಗೆ ಒಂದು ಬಗೆಯ ನೆಮ್ಮದಿಯಾಯಿತು. ಆ ನೆಮ್ಮದಿಯನ್ನು ಇವತ್ತಿಗೂ ಕ್ಷಮಿಸಲು ನನಗಾಗಿಲ್ಲ.

ಶನಿವಾರ ಅವರು ಬಂದರು. ಹೊಸದಾಗಿ ಇಸ್ತ್ರಿ ಮಾಡಿದ ಷರಟು ಹಾಕಿದ್ದರು.

'ನಂಜುಂಡಯ್ಯನವರೇ, ಇದು ನಿಲ್ಲಲ್ಲ. ನೋಡಿ, ಈ ಎರಡು ಗುಂಪಿನಲ್ಲಿ ಎರಡು ಬೇರೆ ಬೇರೆ ಸಂಖ್ಯೆ ಸಮಾನ ಬಂದಿದೆ.'

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನನ್ನ ಹಾಳೆ ನೋಡಿದರು.

'ಹಾಗಾದ್ರೆ ನಾನು ಎಲ್ಲಿ ಜಾರಿದೀನಿ ಮೇಡಂ?'

'ಅದನ್ನ ನೀವೇ ಹುಡುಕ್ಬೇಕು' ಎಂದೆ. ಶೇಷಗಿರಿ ಮೇಷ್ಟ್ರು ನನಗೆ ಹೀಗೆಯೇ ಹೇಳುತ್ತಿದ್ದರು.

ಹುಡುಕತೊಡಗಿದರು. ಪ್ರತಿ ಶನಿವಾರ ಬಂದು, 'ಸಿಗ್ತಿಲ್ಲ ಮೇಡಂ' ಎನ್ನುವರು. ಇಲ್ಲದ ತಪ್ಪು ಎಲ್ಲಿಂದ ಸಿಗಬೇಕು? ನಾಲ್ಕೈದು ತಿಂಗಳಾದ ಮೇಲೆ ಒಂದು ಸಲ, ಬಹಳ ಹಿಂಜರಿಯುತ್ತಾ ಕೇಳಿದರು.

'ಮೇಡಂ, ನಮ್ಮ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಮೇಷ್ಟ್ರು ಒಬ್ರಿದಾರೆ. ಅವರ ಹತ್ರ ಆ ಒಂದು ಉದಾಹರಣೆ ಹಾಕಿಸಿ ನೋಡ್ಲಾ?'

'ನನ್ನ ಲೆಕ್ಕಾನೇ ಚೆಕ್ ಮಾಡಿಸ್ತೀರಾ?'

ನಾನು ಗದರಲಿಲ್ಲ, ನಗುತ್ತಲೇ ಕೇಳಿದ್ದೆ. ಆದರೆ ಅವರ ಮುಖ ಸಣ್ಣದಾಯಿತು.

'ಅಯ್ಯಯ್ಯೋ, ಹಾಗಲ್ಲ ಮೇಡಂ. ತಪ್ಪು ತಿಳ್ಕೋಬೇಡಿ. ನಿಮ್ಮ ಲೆಕ್ಕದ ಮೇಲೆ ನಂಗೆ ಡೌಟೇ ಇಲ್ಲ.'

ಆಮೇಲೆ ಅವರು ಆ ಮಾತೆತ್ತಲಿಲ್ಲ. ಯಂತ್ರಕ್ಕೆ ಒಂದು ನಿಮಿಷದ ಕೆಲಸವಾಗಿತ್ತು. ಕೈಯಲ್ಲೇ ಮಾಡಬೇಕೆಂದರೂ, ಆ ಕ್ಷೇತ್ರದಲ್ಲಿ ಯಾವ ಸಾಲನ್ನಾದರೂ ಮೂರರಿಂದ ಗುಣಿಸಿ ಇನ್ನೊಂದು ಸಾಲಿಗೆ ಹೋಲಿಸುವ ಸುಲಭದ ಪರೀಕ್ಷೆಯಿದೆ, ಎರಡು ನಿಮಿಷ ಸಾಕು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನೇ ಅದನ್ನು ಕಲಿಸುತ್ತಿದ್ದೆ. ನನ್ನ ಪುಸ್ತಕಕ್ಕೆ ಅದನ್ನು ಹಚ್ಚಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಇನ್ನೂ ಒಂದು ವರ್ಷ ಬಂದರು. ಪಾಠ ಮಾಡುವಾಗಲೂ ತೊದಲುತ್ತೇನೆ, ಬೋರ್ಡಿನ ಮೇಲೆ ಬರೆದದ್ದು ಸರಿಯೋ ತಪ್ಪೋ ಎಂದು ಹಿಂದಿರುಗಿ ನೋಡುವಂತಾಗಿದೆ ಎಂದು ಒಮ್ಮೆ ಹೇಳಿದರು. ಒಂದು ಶನಿವಾರ ಸಂಶೋಧನೆಯಿಂದ ಹೆಸರು ಹಿಂತೆಗೆದುಕೊಳ್ಳುವ ಅರ್ಜಿ ತಂದರು. ಕಾರಣ: ವೈಯಕ್ತಿಕ.

'ನಂಗೆ ಅಷ್ಟು ತಲೆ ಇಲ್ಲ ಮೇಡಂ. ಇಷ್ಟು ದಿನ ಸಹಿಸ್ಕೊಂಡ್ರಿ.'

ನಾನು ಸಹಿ ಹಾಕಿದೆ. ಬಾಗಿಲವರೆಗೆ ಹೋಗಿ ಬೀಳ್ಕೊಡಲೂ ಇಲ್ಲ, ಕುರ್ಚಿಯಿಂದಲೇ ಕೈಮುಗಿದೆ. ಹನ್ನೊಂದು ಪುಟ ನನ್ನ ಬೀರುವಿನಲ್ಲಿ ಉಳಿಯಿತು.

ಆಮೇಲೆ ಕಾಲ ಬದಲಾಯಿತು. ಕೇಂದ್ರಕ್ಕೆ ಹೊಸ ಕಂಪ್ಯೂಟರುಗಳು ಬಂದವು. ಕರಿಹಲಗೆಯ ಜಾಗಕ್ಕೆ ಬಿಳಿಹಲಗೆ ಬಂತು. ನಾನು ವಾರಗಟ್ಟಲೆ ಮಾಡುತ್ತಿದ್ದ ಲೆಕ್ಕವನ್ನು ಹೊಸಬರು ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಸುತ್ತಿದ್ದರು. ಮೇಘನಾ ಎಂಬ ಅಧ್ಯಾಪಕಿ ಸೇರಿದಳು, ಚುರುಕು, ಮಾತು ಜಾಸ್ತಿ. ನನ್ನ ನಿವೃತ್ತಿಗೆ ಎರಡು ತಿಂಗಳಿರುವಾಗ ಅವಳು ಆ ಕೋಷ್ಟಕದ ಪುಸ್ತಕವನ್ನು ಕೇಳಿ ತೆಗೆದುಕೊಂಡು ಹೋದಳು. ಎಲ್ಲವನ್ನೂ ಟೈಪ್ ಮಾಡಿ, ಚೆನ್ನಾಗಿ ಅಚ್ಚು ಹಾಕಿಸಿ, ಬೀಳ್ಕೊಡುಗೆಯ ದಿನ ನನಗೆ ಕೊಡಬೇಕೆಂದು ಅವರೆಲ್ಲ ಮಾತಾಡಿಕೊಂಡಿದ್ದರಂತೆ. ವಾರದ ನಂತರ ಓಡಿಕೊಂಡು ಬಂದಳು.

'ಮೇಡಂ, ಸರ್ಪ್ರೈಸ್ ಹಾಳು ಮಾಡ್ತಾ ಇದೀನಿ, ಆದ್ರೂ ಹೇಳ್ಲೇಬೇಕು. ನಿಮ್ಮ ಟೇಬಲ್ ಪ್ರೋಗ್ರಾಂ ಹಾಕಿ ಚೆಕ್ ಮಾಡ್ದೆ. ಏಳ್ನೂರಿಪ್ಪತ್ತೆಂಟರಲ್ಲಿ ಒಂದೇ ಒಂದು ಎಂಟ್ರಿ ತಪ್ಪು! ನಾನೂರ ಅರವತ್ತೇಳು ಇರ್ಬೇಕಾದಲ್ಲಿ ನಾನೂರ ಎಪ್ಪತ್ತಾರು ಅಂತ ಬರ್ದಿದೀರ. ಕೈಯಲ್ಲಿ ಬರೆದು ಒಂದೇ ತಪ್ಪು ಅಂದ್ರೆ, ಮೇಡಂ, ನೀವು ನಿಜವಾಗ್ಲೂ ಗ್ರೇಟ್.'

ಯಾವ ಸಾಲು ಎಂದು ಕೇಳಿದೆ. ಹೇಳಿದಳು. ನನಗೆ ಆ ಸಾಲು ನೆನಪಿತ್ತು. ಆ ಗುರುವಾರ ಎರಡನೆಯ ಸಂಖ್ಯೆ ಬಂದದ್ದು ಅದರಿಂದಲೇ. ಬೀರು ತೆಗೆದು ಹನ್ನೊಂದು ಪುಟವನ್ನೂ, ಅದರೊಳಗೆ ಇಟ್ಟಿದ್ದ ನನ್ನ ಹಾಳೆಯನ್ನೂ ಅವಳ ಮುಂದಿಟ್ಟು, 'ಇದನ್ನ ಹಾಕಿ ನೋಡು' ಎಂದೆ. ಅವಳು ಹಾಕಿದಳು. ಮುನ್ನೂರ ಅರವತ್ತನಾಲ್ಕು ಗುಂಪುಗಳಲ್ಲಿ ಎಲ್ಲೂ ಎರಡನೆಯದು ಸಮಾನವಾಗಿ ಬರಲಿಲ್ಲ. ಆಮೇಲೆ ಪುಟಗಳನ್ನು ಓದಿದಳು. ಓದಿ ಮುಗಿಸಿ ಮತ್ತೆ ಮೊದಲ ಪುಟಕ್ಕೆ ತಿರುಗಿದಳು.

'ಇದು ಯಾರ್ದು ಮೇಡಂ?'

ಹೇಳಿದೆ, ಎಲ್ಲವನ್ನೂ. ಅವಳು ಕಂಪ್ಯೂಟರಿನಲ್ಲಿ ಒಂದು ಪ್ರಬಂಧ ತೆರೆದು ತೋರಿಸಿದಳು. ದೂರದ ದೇಶದವರು ಬರೆದದ್ದು. ಅದೇ ವರ್ಗ ಸಮೀಕರಣ, ಅದೇ ಗುಣಲಬ್ಧದ ಉಪಾಯ, ಇನ್ನೂ ಮುಂದೆ ಹೋಗಿತ್ತು. ಅವರು ತಾವೇ ಕಂಡುಕೊಂಡಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ನಂಜುಂಡಯ್ಯನವರು ದಾರ ಕಟ್ಟಿ ತಂದ ದಿನ ಅದು ಇನ್ನೂ ಎಲ್ಲೂ ಅಚ್ಚಾಗಿರಲಿಲ್ಲ. ಈಗ ಪ್ರಕಟಿಸಲು ಏನೂ ಉಳಿದಿರಲಿಲ್ಲ. ನಾನು ಅವರಿಗೆ ಕೊಡಬಹುದಾದದ್ದು ಒಂದೇ ಒಂದು ವಾಕ್ಯ.

ಫೋನ್ ಮಾಡಿದಾಗ ಸಾವಿತ್ರಮ್ಮ ಎತ್ತಿದರು. 'ಅವರು ಮಾತಾಡೋ ಹಾಗಿಲ್ಲ ಮೇಡಂ. ಬಂದ್ರೆ ನೋಡ್ಬಹುದು' ಎಂದಷ್ಟೇ ಹೇಳಿದರು.

ಮರುದಿನ ಕೆಂಗೇರಿಗೆ ಮೆಟ್ರೋದಲ್ಲಿ ಹೋಗಿ ಅಲ್ಲಿಂದ ಆಟೋ ಹಿಡಿದೆ. ಹಸುಗಳ ಕೊಟ್ಟಿಗೆ ಖಾಲಿಯಿತ್ತು. ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವರು ಕೂತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನ್ನನ್ನು ಕಂಡೊಡನೆ ಏಳಲು ಹೋದರು, ಆಗಲಿಲ್ಲ. ಎಡಗೈ ಎದೆಗೆ ತಂದು ನಮಸ್ಕಾರ ಮಾಡಿದರು. ಪಾರ್ಶ್ವವಾಯು ಹೊಡೆದು ಒಂದೂವರೆ ವರ್ಷವಾಗಿತ್ತು. ಕ್ಲಾಸಿನಲ್ಲಿ ಬೋರ್ಡಿನ ಮುಂದೆಯೇ ಬಿದ್ದರಂತೆ.

'ಜನ ಗೊತ್ತಾಗ್ತಾರೆ' ಎಂದರು ಸಾವಿತ್ರಮ್ಮ. 'ಮಾತೂ ಸ್ವಲ್ಪ ಸ್ವಲ್ಪ ಬಂದಿದೆ. ಅಂಕಿ ಮಾತ್ರ ಹೋಗ್ಬಿಟ್ಟಿದೆ ಮೇಡಂ. ಎಷ್ಟು ಬೆರಳು ಅಂತ ಕೇಳಿದ್ರೆ ಹೇಳಕ್ಕಾಗಲ್ಲ.'

ನಾನು ಅವರ ಮುಂದೆ ಕೂತು ಹೇಳಿದೆ. 'ನಂಜುಂಡಯ್ಯನವರೇ, ನಿಮ್ಮದು ಸರಿಯಿತ್ತು. ನಿಮ್ಮ ಥಿಯರಮ್ ಸರಿಯಿತ್ತು. ನನ್ನ ಪುಸ್ತಕದಲ್ಲಿ ತಪ್ಪಿತ್ತು.' ಅವರು ತಲೆಯಾಡಿಸುತ್ತಾ ಕೇಳಿದರು, ದೊಡ್ಡವರು ಏನೋ ಹೇಳುತ್ತಿದ್ದಾರೆ ಎಂಬ ಮರ್ಯಾದೆಯಿಂದ. ಅರ್ಥವಾಗಿರಲಿಲ್ಲ. ಅರ್ಥವಾದದ್ದು ಸಾವಿತ್ರಮ್ಮನಿಗೆ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದವರು ಹಾಗೆಯೇ ನಿಂತುಬಿಟ್ಟರು.

'ಅಂದ್ರೆ ಅವರದ್ದು ಏನೂ ತಪ್ಪಿರ್ಲಿಲ್ವಾ?'

'ಇರಲಿಲ್ಲ.'

'ಊಟಕ್ಕೆ ಕೂತ್ರೂ ಅದೇ, ಹಾಲು ಕರೀತಾ ಇದ್ರೂ ಅದೇ. ಬಾಯಲ್ಲಿ ಏನೋ ಹೇಳ್ಕೊಂಡು ಹುಡುಕೋರು. ಬಿಟ್ಬಿಡಿ ಅಂದ್ರೆ, ಮೇಡಂ ಹೇಳಿದಾರೆ ಇದೆ ಅಂತ, ಇದ್ದೇ ಇರುತ್ತೆ ಅನ್ನೋರು.' ಲೋಟವನ್ನು ನನ್ನ ಮುಂದಿಟ್ಟರು. 'ನೀವು ಒಂದ್ಸಲ ನೋಡ್ಬಾರ್ದಿತ್ತಾ ಮೇಡಂ?'

ಅವರು ದನಿ ಏರಿಸಲಿಲ್ಲ. ಕಾಫಿ ಕುಡಿದೆ, ಕುಡಿಯದಿದ್ದರೆ ಇನ್ನೂ ತಪ್ಪಾಗುತ್ತಿತ್ತು.

ಬೀಳ್ಕೊಡುಗೆಯ ದಿನ ಅಚ್ಚಾದ ಕೋಷ್ಟಕವನ್ನು ನಾನು ತೆಗೆದುಕೊಳ್ಳಲಿಲ್ಲ. ಪ್ರಾಂಶುಪಾಲರು ನನ್ನ ನಿಖರತೆಯ ಬಗ್ಗೆ ಮಾತಾಡಿದರು. ನನ್ನ ಸರದಿ ಬಂದಾಗ ಈ ಸಂಗತಿಯನ್ನೇ ಹೇಳಿ, ಬಿಳಿಹಲಗೆಯ ಮೇಲೆ ನಂಜುಂಡಯ್ಯನವರ ಪ್ರಮೇಯದ ಸಾಧನೆಯನ್ನು ಮೊದಲಿನಿಂದ ಕೊನೆಯವರೆಗೆ ಬರೆದೆ, ಅವರ ಕ, ಖ, ಗ ಸಮೇತ. ಸಭೆಯಲ್ಲಿ ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಮೇಘನಾ ಎದ್ದು ನಿಂತು ಅದನ್ನು ತನ್ನ ಪುಸ್ತಕಕ್ಕೆ ಬರೆದುಕೊಂಡಳು. ಈಗ ಅವಳು ಪಾಠ ಮಾಡುವಾಗ ಆ ರಚನೆಯನ್ನು ನಂಜುಂಡಯ್ಯನವರ ಹೆಸರು ಹೇಳಿಯೇ ಕಲಿಸುತ್ತಾಳೆ. ಹೊರಗೆಲ್ಲೂ ಆ ಹೆಸರಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಹೇಳುವುದು ಇಷ್ಟೇ. ವಿದ್ಯಾರ್ಥಿಯ ಪ್ರಮೇಯಕ್ಕೂ ನಿಮ್ಮ ಲೆಕ್ಕಕ್ಕೂ ಹೊಂದಾಣಿಕೆಯಾಗದಿದ್ದರೆ ಮೊದಲು ನಿಮ್ಮ ಲೆಕ್ಕವನ್ನು ಅವರ ಕೈಗೆ ಕೊಡಿ. ಅವರು ನಿಮ್ಮನ್ನು ನಂಬುತ್ತಾರೆ, ತಮಗಿಂತ ಹೆಚ್ಚು ನಂಬುತ್ತಾರೆ. ಆ ನಂಬಿಕೆಯೊಂದಿಗೆ ನಾನು ಹೇಗೆ ನಡೆದುಕೊಂಡೆ ಎಂದು ಮೇಲೆ ಬರೆದಿದ್ದೇನೆ.

ಈಗ ನಾನು ಹದಿನೈದು ದಿನಕ್ಕೊಮ್ಮೆ ಕೆಂಗೇರಿಗೆ ಹೋಗುತ್ತೇನೆ. ಸಾವಿತ್ರಮ್ಮ ಬರಬೇಡಿ ಎಂದಿಲ್ಲ. ಹನ್ನೊಂದು ಪುಟವನ್ನು ಅವರಿಗೇ ಹಿಂದಿರುಗಿಸಿದ್ದೇನೆ. ಕಳೆದ ಸಲ ಹೋದಾಗ ನಂಜುಂಡಯ್ಯನವರು ಆ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎಡಗೈಯ ಬೆರಳು ಒಂದೊಂದೇ ಸಾಲಿನ ಮೇಲೆ ನಿಧಾನವಾಗಿ ಹರಿಯುತ್ತಿತ್ತು. ನಾನು ಮತ್ತೊಮ್ಮೆ ಹೇಳಿದೆ.

'ಅದರಲ್ಲಿ ತಪ್ಪಿಲ್ಲ ನಂಜುಂಡಯ್ಯನವರೇ. ತಪ್ಪು ನನ್ನದು.'

ಅವರು ತಲೆಯೆತ್ತಿ ನೋಡಿದರು. ಗುರುತಿನ ನಗೆ ಬಂತು. ತುಟಿ ಕಷ್ಟಪಟ್ಟು ಅಲುಗಾಡಿ, ಒಂದೊಂದಾಗಿ ಮಾತುಗಳು ಹೊರಬಂದವು.

'ಇನ್ನೊಂದು... ವಾರ ಕೊಡಿ ಮೇಡಂ. ಹುಡುಕ್ತೀನಿ.'

ಬೆರಳು ಮತ್ತೆ ಹಾಳೆಯ ಮೇಲೆ ಹೋಯಿತು. ಒಳಗಿನಿಂದ ಸಾವಿತ್ರಮ್ಮ ನನ್ನನ್ನೇ ನೋಡುತ್ತಿದ್ದರು. ಆಗಲಿ ಎಂದೆ.